ಕೊರಿಯಾದ ಹುಡುಗಿ, ಹುನಗುಂದದ ಕೈ

೨೦೦೪ರ ಡಿಸೆಂಬರಿನ ಒಂದು ಗುರುವಾರ. ದಿನದ ಕೆಲಸವನ್ನೆಲ್ಲ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. ಆ ದಿನದ ಪುಟ ಹೀಗೆ ಶುರುವಾಗುತ್ತದೆ: ಐದಕ್ಕೆ ಎದ್ದೆ. ಅಂಗಳ ಸಾರಿಸಿ ರಂಗೋಲಿ ಹಾಕಿದೆ. ನಳ ಬಂತು, ಹನ್ನೆರಡು ಕೊಡ ತುಂಬಿದೆ. ಹತ್ತೊಂಬತ್ತು ರೊಟ್ಟಿ ಬಡಿದೆ. ಹೆಸರುಕಾಳಿನ ಪಲ್ಯ ಮಾಡಿದೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಕಾಯಿಪಲ್ಯ ಹುಳಿ ಬರಿಸುವ ಕರಿಂಡಿಯ ಭರಣಿಯನ್ನು ಬಿಸಿಲಿಗೆ ಇಟ್ಟೆ, ಇವತ್ತಿಗೆ ನಾಲ್ಕನೆಯ ದಿನ. ಲಾಳಿಗೆ ಹಾಕುವ ಎಂಟು ಕಂಡಕಿ ನೂಲು ಸುತ್ತಿದೆ. ಕೊಂಡಿಗೆ ಕೂತೆ.

ಕೊಂಡಿ ಎಂದರೇನು ಎಂದು ಬೇರೆ ಊರಿನವರಿಗೆ ಹೇಳಬೇಕು. ನಮ್ಮದು ಇಳಕಲ್ಲು, ಸೀರೆ ನೇಯುವ ಮನೆ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆ, ಒಂದು ನೂಲಿನದು, ಸೆರಗಿನ ಹಾಸು ಬೇರೆ ನೂಲಿನದು. ಎರಡನ್ನೂ ಗಂಟು ಹಾಕಿ ಕೂಡಿಸುವುದಿಲ್ಲ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ತೂರಿಸಿ, ಒಂದೊಂದೇ, ಸಾವಿರಾರು ಎಳೆ ಜೋಡಿಸಬೇಕು. ಅದೇ ಕೊಂಡಿ. ನಮ್ಮಲ್ಲಿ ಇದು ಹೆಂಗಸರ ಕೆಲಸ. ಒಂದು ಎಳೆ ತಪ್ಪಿದರೂ ಸೆರಗು ಬಿಚ್ಚಿದಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ.

ಹಿಂದಿನ ದಿನ ಊಟದ ಹೊತ್ತಿಗೆ ಮನೆಯಲ್ಲಿ ಒಂದು ಮಾತು ನಡೆದಿತ್ತು. ನಮ್ಮ ಒಬ್ಬಳೇ ಮಗಳು ವೀಣಾ ಆಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಳು. ಕಾಲೇಜು ಮುಗಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಹುಡುಗಿಯರೂ ಗೇಮ್ ಆಡುತ್ತಾರೆಂದು ಯಾರೋ ಯಜಮಾನರ ಕಿವಿಗೆ ಹಾಕಿದ್ದರು. ಅವರು ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದರು: "ಕ್ಲಾಸ್ ಅಂದ್ರ ಕ್ಲಾಸ್. ಆಟ ಗೀಟ ಅಂತ ನನ್ನ ಕಿವಿಗೆ ಬಿತ್ತು ಅಂದ್ರ ಅವತ್ತಿಗೆ ಬಂದ್. ಮತ್ತ ಕೇಳೂದಿಲ್ಲ, ಹೇಳೂದಿಲ್ಲ." ವೀಣಾ "ಹೂಂ ಅಪ್ಪಾ" ಅಂದಿದ್ದಳು. ನಾನು ಆ "ಹೂಂ" ನಂಬಿದ್ದೆ.

ಗುರುವಾರ ಕಾಲೇಜಿನಲ್ಲಿ ಆಟೋಟದ ದಿನ. ನೋಡುವಂಥದ್ದೇನೂ ಇಲ್ಲ ಎಂದು ವೀಣಾ ಮನೆಯಲ್ಲೇ ಉಳಿದು ನನ್ನ ಎದುರಿಗೆ ಕೊಂಡಿಗೆ ಕೂತಿದ್ದಳು. ಯಜಮಾನರು ಮಗ್ಗದ ಕುಣಿಯಲ್ಲಿದ್ದರು. ಹತ್ತೂವರೆಗೆ ಆಟೋದವನು ಬಾಗಿಲಲ್ಲಿ ನಿಂತು ಕೂಗಿದ: "ಸಂಗಪ್ಪಣ್ಣಾ, ನಿಮ್ಮ ಮನಿಗೆ ಫಾರಿನ್ ಬಂದೈತಿ ನೋಡ್ರಿ!"

ಆಟೋದಿಂದ ಇಳಿದವಳು ಇಪ್ಪತ್ತೈದರ ಒಳಗಿನ ಹುಡುಗಿ. ಬೆನ್ನಿಗೆ ದೊಡ್ಡ ಚೀಲ, ಕಾಲಲ್ಲಿ ಧೂಳು ತುಂಬಿದ ಬೂಟು. ಊರು ಕೊರಿಯಾ, ಹೆಸರು ಮಿಂಜಿ. ಬಟ್ಟೆ ನೇಯುವ ವಿದ್ಯೆ ಓದುತ್ತಿದ್ದಳಂತೆ. ಬಾದಾಮಿಯ ಗುಹೆ ನೋಡಲು ಬಂದವಳಿಗೆ ಲಾಡ್ಜಿನವರು ಇಳಕಲ್ಲಿನ ಹೆಸರು ಹೇಳಿದ್ದರು. ಬೆಳಗಿನ ಬಸ್ಸಿಗೆ ಹೊರಟು, ಹುನಗುಂದದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಅವಳ ಇಂಗ್ಲಿಷೂ ನಿಧಾನ, ವೀಣಾಳ ಇಂಗ್ಲಿಷೂ ನಿಧಾನ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತು. ನಮಗೆಲ್ಲ ವೀಣಾಳೇ ಮಾತು ದಾಟಿಸುವವಳು.

ಅತ್ತೆಯವರಿಗೆ ಕಣ್ಣು ಮಂದ. ಹತ್ತಿರ ಕರೆದು ಅವಳ ಮುಖ ಮುಟ್ಟಿ ನೋಡಿ, "ಹೆಸರೇನಂದಿ? ಮಂಜವ್ವನ? ಕುಂದರು ತಂಗಿ, ಚಹಾ ಕುಡಿ" ಅಂದರು. ಅಲ್ಲಿಂದ ಮುಂದೆ ಅವರಿಗೆ ಅವಳು ಮಂಜವ್ವನೇ.

ಹುಡುಗಿ ಕೊಂಡಿಯ ಎದುರು ಕೂತವಳು ಏಳಲಿಲ್ಲ. ತಾನೂ ಮಾಡುತ್ತೇನೆ ಎಂದಳು. ಅರ್ಧ ಗಂಟೆ ಕೂತು ಹನ್ನೊಂದು ಎಳೆ ಜೋಡಿಸಿದಳು, ಅದರಲ್ಲಿ ಆರು ಜಾರಿದವು. ಅಷ್ಟರಲ್ಲಿ ವೀಣಾ ಮಾತಾಡುತ್ತ ಮಾತಾಡುತ್ತ ಒಂದು ಗೇಣು ಮುಗಿಸಿದ್ದಳು. ಅತ್ತೆಯವರು ಜಾರಿದ ಎಳೆಯನ್ನು ಬೆರಳಿನಿಂದಲೇ ಗುರುತಿಸಿ ನಕ್ಕರು: "ಮಂಜವ್ವಂದೂ ಹುನಗುಂದದ ಕೈನ ನೋಡ!"

ಆ ಮಾತು ನನಗೆ ಬಹಳ ಹಳೆಯದು. ನಾನು ಹುನಗುಂದದವಳು. ಇಳಕಲ್ಲಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೆ, ಆದರೆ ನಮ್ಮ ತವರಿನಲ್ಲಿ ಮಗ್ಗ ಇರಲಿಲ್ಲ. ನನ್ನ ಅಪ್ಪ ಕೋರ್ಟಿನ ಹೊರಗೆ ಕೂತು ಅರ್ಜಿ ಬರೆಯುತ್ತಿದ್ದವರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮಾಡಿದ ಕೊಂಡಿಯನ್ನೆಲ್ಲ ಅತ್ತೆ ಬಿಚ್ಚಿಸುತ್ತಿದ್ದರು. "ಹುನಗುಂದದ ಕೈ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಮಿಂಜಿ ನೋಟುಬುಕ್ಕು ತೆಗೆದು ಯಜಮಾನರನ್ನು ಕೇಳಿದಳು: ಈ ಕೆಲಸ ಈ ಊರಿನಲ್ಲೇ ಯಾಕೆ? ಬೇರೆಯವರಿಗೆ ಯಾಕೆ ಬರುವುದಿಲ್ಲ? ಅವರಿಗೆ ಇಂಥ ಪ್ರಶ್ನೆ ಎಂದರೆ ಬಹಳ ಇಷ್ಟ. ಲಾಳಿ ನಿಲ್ಲಿಸಿ, ಮೀಸೆ ಒರೆಸಿಕೊಂಡು ಹೇಳಿದರು: "ಇದು ರಕ್ತದಾಗ ಬರ್ತೈತಿ. ಏಳು ತಲಿಯಿಂದ ಬಂದದ್ದು. ಹೊರಗಿನವರಿಗೆ ಎಷ್ಟ ಕಲಿಸಿದರೂ ಬರೂದಿಲ್ಲ. ಹೇಳು ವೀಣಾ, ಬರಕೊಳ್ಳಿ ಆಕಿ."

ಅವಳು ಬರೆದುಕೊಂಡಳು. ಅತ್ತೆಯವರು ಒಂದು ಸಲ ಕೆಮ್ಮಿದರು. ನನ್ನ ಕೈಯಲ್ಲಿ ಕೊಂಡಿ ಇತ್ತು, ಮುಂದಿನ ಎಳೆ ತೂರಿಸಿದೆ.

ಮಧ್ಯಾಹ್ನ ಊಟವಾದ ಮೇಲೆ ಮಿಂಜಿ, ಊರಿನಲ್ಲಿರುವ ತಾಯಿಗೆ ತಾನು ಕ್ಷೇಮ ಎಂದು ಮೇಲ್ ಕಳಿಸಬೇಕು, ಇಂಟರ್‌ನೆಟ್ ಎಲ್ಲಿದೆ ಎಂದಳು. ವೀಣಾಳ ಮುಖ ಯಾಕೋ ಸಣ್ಣದಾಯಿತು. ಆಗ ನನಗೆ ಅರ್ಥವಾಗಲಿಲ್ಲ. "ಹುಡಿಗ್ಯಾರಿಬ್ಬರ ಪ್ಯಾಟಿಗೆ ಹೋಗೂದು ಬ್ಯಾಡ, ನೀನೂ ಹೋಗು" ಎಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಅಲ್ಲಿಯವರೆಗೆ ನಾನು ಆ ಸೆಂಟರಿನ ಮೆಟ್ಟಿಲು ಹತ್ತಿದವಳಲ್ಲ.

ಮೇಲೆ ಒಂದು ಉದ್ದನೆಯ ಕೋಣೆ, ಆರು ಕಂಪ್ಯೂಟರು, ಹತ್ತು ಹನ್ನೆರಡು ಹುಡುಗರು. ನಡೆಸುವವನು ಬಸು, ನಮ್ಮ ಪಕ್ಕದ ಓಣಿಯವನೇ. ಮುಂದೆ ಇದ್ದ ವೀಣಾಳನ್ನು ನೋಡಿದ್ದೇ ತಡ, "ಬಾ ಬಾ, ನಂಬರ್ ಒನ್! ಐತವಾರದ ತಯಾರಿ ಹೆಂಗೈತಿ?" ಎಂದ. ಹಿಂದಿನಿಂದ ನಾನು ಬಂದದ್ದು ಕಂಡು ಬಾಯಿ ಮುಚ್ಚಿದ.

"ಯಾವ ಐತವಾರ?" ಎಂದೆ.

ಹುಡುಗರು ಗೋಡೆಯ ಕಡೆ ನೋಡಿದರು. ಗೋಡೆಗೆ ಕ್ಯಾಲೆಂಡರಿನ ಹಿಂಬದಿಯ ಹಾಳೆ ಅಂಟಿಸಿ ಸ್ಕೆಚ್‌ಪೆನ್ನಿನಿಂದ ಒಂಬತ್ತು ಹೆಸರು ಬರೆದಿದ್ದರು. ಎಲ್ಲಕ್ಕೂ ಮೇಲೆ: ವೀಣಾ. ಬಸು ಕೈಕೈ ಹಿಸುಕುತ್ತ ಹೇಳಿದ: "ಅಕ್ಕಾರ, ಬಾಗಲಕೋಟಿ ನವನಗರದಾಗ ಐತವಾರ ಒಂದು ಗೇಮ್ ಸ್ಪರ್ಧಾ ಐತ್ರಿ. ಊರಿಗೆ ಒಬ್ಬರು. ಬಾಗಲಕೋಟಿ, ಬಾದಾಮಿ, ಹುನಗುಂದ, ಇಳಕಲ್ಲು. ನಮ್ಮ ಊರಿಂದ ಈಕಿ ಹೆಸರು ಕೊಟ್ಟೀನ್ರಿ. ಈಕಿನ್ನ ಸೋಲ್ಸೂವವ ಇಲ್ಲಿ ಯಾವನೂ ಇಲ್ರಿ."

ನನಗೆ ಸಿಟ್ಟು ಬಂತು. ಅಪ್ಪನ ಎದುರಿಗೆ ಅಂದ "ಹೂಂ" ನೆನಪಾಗಿ ಕೆನ್ನೆಗೆ ಒಂದು ಹಾಕಬೇಕು ಅನ್ನಿಸಿತು. ಆದರೆ ಸುಳ್ಳು ಬರೆಯಬಾರದು. ಎಂಟು ಹೆಸರಿನ ಮೇಲೆ ಅವಳ ಹೆಸರು ಕಂಡಾಗ, ಸಿಟ್ಟಿಗಿಂತ ಮೊದಲು ಇನ್ನೇನೋ ಬಂದು ಹೋಗಿತ್ತು. ಅವಳು ನನ್ನ ಸೆರಗು ಹಿಡಿದು "ಅವ್ವಾ, ಕ್ಲಾಸ್ ಒಂದ ದಿನಾನೂ ತಪ್ಪಿಸಿಲ್ಲವ್ವಾ. ಕ್ಲಾಸ್ ಮುಗದ ಮ್ಯಾಲ ಆಡ್ತಿದ್ದೆ, ಖರೆ ಹೇಳ್ತೇನಿ" ಎಂದಳು. ಪರದೇಶದ ಹುಡುಗಿಯ ಎದುರು ಏನು ಮಾತಾಡುವುದು? "ಮನಿಗೆ ನಡಿ, ಆಮ್ಯಾಲ ನೋಡೂಣು" ಎಂದು ಒಂದು ಸ್ಟೂಲು ಎಳೆದುಕೊಂಡು ಕೂತೆ.

ಮಿಂಜಿಗೆ ಇದೊಂದೂ ತಿಳಿಯಲಿಲ್ಲ. ಮೇಲ್ ಕಳಿಸಿ ಎದ್ದವಳು ಹುಡುಗರ ಪರದೆ ಕಂಡು ಸಣ್ಣ ಮಗುವಿನಂತೆ ಕೂಗಿದಳು. ಆ ಆಟ ಅವಳ ಊರಿನದೂ ಹೌದಂತೆ. ಆಟ ನನಗೆ ತಿಳಿದಷ್ಟು ಹೇಳುತ್ತೇನೆ. ಇಬ್ಬರಿಗೂ ಒಂದು ತುಂಡು ನೆಲ, ನಾಲ್ಕು ಆಳು. ಅವರಿಂದ ಕಲ್ಲು ಒಡೆಸಬೇಕು, ಮರ ಕಡಿಸಬೇಕು, ಮನೆ ಕಟ್ಟಿಸಬೇಕು, ಸೈನ್ಯ ಸಾಕಬೇಕು. ಕೊನೆಗೆ ಎದುರಿನವರ ಊರು ಸುಡಬೇಕು. ಒಟ್ಟಿನಲ್ಲಿ ಸಂಸಾರ ಮತ್ತು ಯುದ್ಧ ಎರಡನ್ನೂ ಒಂದೇ ಹೊತ್ತಿಗೆ ಮಾಡುವುದು.

ಹುಡುಗರು ಇಬ್ಬರನ್ನೂ ಎದುರುಬದುರು ಕೂರಿಸಿದರು. "ವೀಣಕ್ಕ, ಇಳಕಲ್ ಮಾನ ಉಳಸವಾ!" ಎಂದು ಕೂಗು. ನಾನು ಪರದೆ ನೋಡಲಿಲ್ಲ, ಕೈ ನೋಡಿದೆ. ವೀಣಾಳ ಕೈ ಚುರುಕು, ಅದು ನಾನು ಬಲ್ಲ ಕೈ. ಆದರೆ ಬೆಳಿಗ್ಗೆ ಆರು ಎಳೆ ಜಾರಿಸಿದ್ದ ಮಿಂಜಿಯ ಕೈ ಇದೇನಾ ಎನ್ನಿಸಿತು. ಎಡಗೈ ಕೀಬೋರ್ಡಿನ ಮೇಲೆ ಒಂದು ಕ್ಷಣ ಸುಮ್ಮನಿರಲಿಲ್ಲ. ಕಣ್ಣು ಕೈಯನ್ನು ನೋಡುತ್ತಲೇ ಇರಲಿಲ್ಲ. ಕೊಂಡಿ ಮಾಡುತ್ತ ನಾವು ಬಾಗಿಲಲ್ಲಿ ಹೋಗುವವರನ್ನು ಮಾತಾಡಿಸುತ್ತೇವಲ್ಲ, ಹಾಗೆ ಅವಳು ಆಡುತ್ತಲೇ ನನ್ನ ಕಡೆ ತಿರುಗಿ ನಕ್ಕಳು.

ಹತ್ತು ನಿಮಿಷದಲ್ಲಿ ವೀಣಾಳ ಊರು ಸುಟ್ಟುಹೋಯಿತು. "ಏ ವೀಣಕ್ಕ, ಹೊಗಿ ಬರಾಕತ್ತೈತಿ ನಿನ್ನ ಮನಿಯಾಗ!" ಎಂದು ಒಬ್ಬ ಹಂಗಿಸಿದ. ಎರಡನೆಯ ಆಟ ಅಷ್ಟೂ ಹೊತ್ತು ಬಾಳಲಿಲ್ಲ. ಮೂರನೆಯದರ ನಡುವೆ ಕರೆಂಟು ಹೋಯಿತು. ನಮ್ಮ ಹುಡುಗರು ಎಂದಿನಂತೆ ಕೈ ಕಟ್ಟಿ ಕೂತರು. ಮಿಂಜಿ ಗಾಬರಿಯಾಗಿ ಎದ್ದು ನಿಂತಳು, ಏನೋ ಸುಟ್ಟಿರಬೇಕೆಂದು. ದಿನವೂ ಹೀಗೇ ಎಂದು ಬಸು ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

ವೀಣಾ ಕೇಳಿದಳು: ನೀವು ನಿಮ್ಮ ದೇಶದಲ್ಲಿ ಎಷ್ಟನೆಯವರು? ಮಿಂಜಿ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಏನೋ ಹೇಳಿದಳು. ವೀಣಾ ನನಗೆ ಅದನ್ನು ಹೇಳುವಾಗ ಅವಳ ದನಿ ಇಳಿದಿತ್ತು: "ಅವ್ವಾ, ಈಕಿ ಅಲ್ಲಿ ಲೆಕ್ಕಕ್ಕ ಇಲ್ಲಂತ. ಈಕಿ ತಮ್ಮ ಈಕಿ ಜೋಡಿ ಆಡಾಕ ಕುಂದ್ರೂದ ಇಲ್ಲಂತ. ಸಾಲಿ ಮುಗಿಸಿದ ಮ್ಯಾಲ ಆಡೂದ ಬಿಟ್ಟಾಳಂತ."

ಹತ್ತು ಬೆರಳು ಅವಳಿಗೂ, ಹತ್ತು ಬೆರಳು ಇವಳಿಗೂ. ನಮ್ಮ ಊರಿಗೇ ಮೊದಲನೆಯವಳನ್ನು ಆ ಊರಿನ ಲೆಕ್ಕಕ್ಕಿಲ್ಲದವಳು ಹತ್ತು ನಿಮಿಷದಲ್ಲಿ ಸೋಲಿಸಿದಳು. ಹೇಗೆ? ಸಿಟ್ಟು ಎಲ್ಲೋ ಹೋಗಿ ನನಗೆ ಇದೇ ತಲೆಯಲ್ಲಿ ಕೂತಿತು. ಕರೆಂಟು ಬರುವವರೆಗೆ ಕೇಳಿದ್ದೇ ಕೇಳಿದೆ. ಊಟ ಬೇರೆಯೇ? ಸಣ್ಣವರಿದ್ದಾಗಿನಿಂದ ಶಾಲೆಯಲ್ಲಿ ಕಲಿಸುತ್ತಾರೆಯೇ?

ಅವಳು ಹೇಳಿದ್ದು ಇಷ್ಟು. ಅವರ ಊರಿನಲ್ಲಿ ಓಣಿಗೊಂದು ಇಂಥ ಅಂಗಡಿ, ಕೆಲವದರಲ್ಲಿ ನಲವತ್ತು ಐವತ್ತು ಕಂಪ್ಯೂಟರು. ದೇಶಕ್ಕೆ ಒಂದು ಸಲ ಕಷ್ಟ ಬಂದು ಬಹಳ ಮಂದಿ ಕೆಲಸ ಕಳೆದುಕೊಂಡಾಗ ಎಷ್ಟೋ ಜನ ಇಂಥ ಅಂಗಡಿ ತೆರೆದರಂತೆ. ಸರ್ಕಾರವೂ ಮನೆಮನೆಗೆ ಇಂಟರ್‌ನೆಟ್ ಎಳೆಯುವುದಕ್ಕೆ ಒತ್ತುಕೊಟ್ಟಿತಂತೆ. ಸಂಜೆ ಸಾಲೆ ಬಿಟ್ಟ ಮೇಲೆ ಮಕ್ಕಳೆಲ್ಲ ಅಲ್ಲೇ. ಸೋತವನು ಮನೆಗೆ ಹೋಗುವುದಿಲ್ಲ, ಗೆದ್ದವನ ಕುರ್ಚಿಯ ಹಿಂದೆ ನಿಂತು ಎಲ್ಲಿ ತಪ್ಪಿದೆ ಎಂದು ನೋಡುತ್ತಾನೆ. ನಮ್ಮ ಕಡೆ ಟಿ.ವಿ.ಯಲ್ಲಿ ಕ್ರಿಕೆಟ್ ತೋರಿಸುವ ಹಾಗೆ ಅಲ್ಲಿ ಈ ಆಟ ತೋರಿಸುತ್ತಾರಂತೆ. ಅಜ್ಜಂದಿರೂ ಕೂತು ನೋಡುತ್ತಾರಂತೆ.

"ಅಂದ್ರ ಅಲ್ಲಿ ಅವ್ವ ಅಪ್ಪ ಬೈಯೂದಿಲ್ಲೇನ?" ಎಂದೆ.

"ಬೈತಾರಂತ. ಭಾಳ ಬೈತಾರಂತ" ಎಂದಳು ವೀಣಾ, ನನ್ನ ಮುಖ ನೋಡದೆ.

ಮನೆಗೆ ಬರುವಾಗ ದಾರಿಯಲ್ಲಿ "ಅಪ್ಪಗ ಹೇಳ್ತೀಯೇನವ್ವಾ?" ಎಂದಳು. "ನಾ ಹೇಳೂದಿಲ್ಲ, ನೀನ ಹೇಳು. ಇವತ್ತ ಹೇಳು" ಎಂದೆ. ಆದರೆ ಅವಳಿಗೆ ಆ ಅವಕಾಶವೇ ಸಿಗಲಿಲ್ಲ. ಚಹಾ ಕುಡಿಯುತ್ತ ಮಿಂಜಿಯೇ ಯಜಮಾನರ ಕಡೆ ತಿರುಗಿ ಹೆಬ್ಬೆರಳು ಎತ್ತಿ ಹೇಳಿಬಿಟ್ಟಳು: "ವೀಣಾ, ಗೇಮ್, ವೆರಿ ಗುಡ್!"

ಮೂರೂ ಮಾತು ಅವರಿಗೆ ಅರ್ಥವಾಗುವಂಥವೇ. ಲಾಳಿ ನಿಂತಿತು.

"ಏನಂದ್ಳು ಆಕಿ?"

ವೀಣಾ ಎಲ್ಲವನ್ನೂ ಹೇಳಿದಳು. ಗೋಡೆಯ ಮೇಲಿನ ಹೆಸರು, ನವನಗರ, ಐತವಾರ. ಒಂದನ್ನೂ ಮುಚ್ಚಿಡಲಿಲ್ಲ, ಅದು ನನಗೆ ಸಮಾಧಾನವಾಯಿತು. ಯಜಮಾನರು ಕೂಗಾಡುವವರಲ್ಲ. "ನಿನ್ನೆ ಏನ್ ಹೇಳಿದ್ನಿ? ನಾಳಿಂದ ಕ್ಲಾಸ್ ಬಂದ್. ಐತವಾರಾನೂ ಇಲ್ಲ, ಸೋಮವಾರಾನೂ ಇಲ್ಲ" ಎಂದು ಮತ್ತೆ ಲಾಳಿ ಹಿಡಿದರು.

ಅಪ್ಪ ಏನೆಂದರು ಎಂದು ಮಿಂಜಿ ಕೇಳಿದಳು. ವೀಣಾ ಒಂದೇ ಮಾತಿನಲ್ಲಿ ಏನೋ ಹೇಳಿ ಮುಗಿಸಿದಳು. ಅತ್ತೆಯವರಿಗೆ ಇಂಗ್ಲಿಷ್ ಬರದಿದ್ದರೂ ಅಳತೆ ಗೊತ್ತಾಗುತ್ತದೆ. "ಅಂವ ಹೇಳಿದ್ದು ಅಷ್ಟುದ್ದ, ನೀ ಹೇಳಿದ್ದು ಇಷ್ಟ ಗಿಡ್ಡ. ಏನ್ ಹೇಳಿದಿ?"

"ಇನ್ನೊಂದ್ ಕಪ್ ಚಹಾ ಬೇಕಂತ ಅಂದೆ, ಆಯಿ."

ಅತ್ತೆ ನಕ್ಕುಬಿಟ್ಟರು. ಯಜಮಾನರು ನಗಲಿಲ್ಲ. ಮಿಂಜಿಗೆ ತಾನು ಏನೋ ಕೆಡಿಸಿದೆ ಎಂದು ತಿಳಿದಿರಬೇಕು. ಬಾದಾಮಿಗೆ ಹೋಗುವ ಬಸ್ಸಿನ ಹೊತ್ತೂ ಮೀರಿತ್ತು, ನಾವೇ ಉಳಿಸಿಕೊಂಡೆವು. ಮಾತು ಬದಲಿಸಲೆಂದೋ ಏನೋ ಅವಳು ನೋಟುಬುಕ್ಕು ತೆಗೆದು ನನ್ನ ಪಕ್ಕ ಕೂತು ಕೊಂಡಿಯ ಮೇಲೆ ಬೆರಳಿಟ್ಟು ಕೇಳಿದಳು. ಈ ಮನೆಯಲ್ಲಿ ಎಲ್ಲಕ್ಕಿಂತ ಚೊಕ್ಕ ಕೈ ನಿಮ್ಮದು. ನಿಮ್ಮ ತವರಿನಲ್ಲಿ ಎಷ್ಟು ತಲೆಮಾರಿನಿಂದ ಈ ಕೆಲಸ?

ವೀಣಾ ಅದನ್ನು ಕನ್ನಡದಲ್ಲಿ ಹೇಳಿ ನನ್ನನ್ನೇ ನೋಡಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಮ್ಮ ಮನ್ಯಾಗ ಮಗ್ಗ ಇರಲಿಲ್ಲವಾ. ನಮ್ಮಪ್ಪ ಹುನಗುಂದದ ಕೋರ್ಟಿನ ಮುಂದ ಕುಂತು ಅರ್ಜಿ ಬರೀತಿದ್ದ."

ಮಿಂಜಿಯ ಪೆನ್ನು ನಿಂತಿತು. ಬೆಳಗಿನ ಪುಟಕ್ಕೆ ತಿರುಗಿಸಿ ಓದಿಕೊಂಡಳು. ರಕ್ತ, ಏಳು ತಲೆ, ಹೊರಗಿನವರಿಗೆ ಬರುವುದಿಲ್ಲ. ಆಮೇಲೆ ಮೆಲ್ಲಗೆ ತಲೆ ಎತ್ತಿ ಯಜಮಾನರನ್ನು ನೋಡಿದಳು. ಅವರು ಹರಿದೇ ಇರದ ಎಳೆಯನ್ನು ಹುಡುಕುವವರಂತೆ ಮಗ್ಗದ ಮೇಲೆ ಬಗ್ಗಿದರು.

"ಈಗ ಹೇಳಲೇ ಸಂಗ್ಯಾ!" ಅತ್ತೆಯವರ ನಗು ತಡೆಯಲಾಗಲಿಲ್ಲ. "ಈಕಿ ಬಂದಾಗ ಎಳಿ ಯಾವ್ದು ಕೂದಲಾ ಯಾವ್ದು ತಿಳೀತಿರಲಿಲ್ಲ. ಮೊದಲನೇ ಕೊಂಡಿ ಏಳು ಸಲ ಬಿಚ್ಚಿಸೇನಿ. ಈಗ ಓಣ್ಯಾಗ ಹಾಸು ಗೊಂದಲಾತು ಅಂದ್ರ ಯಾರನ್ನ ಕರೀತಾರ? ನನ್ನನ್ನೇನ? ನಿನ್ನ ರಕ್ತಾನೇನ?"

ನಾನು ಗಂಡನ ಎದುರು ಉದ್ದ ಮಾತಾಡುವವಳಲ್ಲ. ಆದರೆ ಮಧ್ಯಾಹ್ನದಿಂದ ತಲೆಯಲ್ಲಿ ಕೂತದ್ದು ಆಗ ತಾನಾಗಿ ಹೊರಗೆ ಬಂತು.

"ನೋಡ್ರಿ, ನನಗ ಬೆರಳು ಹುನಗುಂದದಾಗೂ ಹತ್ತ ಇದ್ದುವು. ಅಲ್ಲಿ ನಾ ಎಳಿ ಹಿಡದ್ರ ತಪ್ಪು ಅಂತ ಹೇಳೂವ್ರ ಇರಲಿಲ್ಲ. ಇಲ್ಲಿ ಬಂದೆ. ಎಡಗಡಿ ಮನ್ಯಾಗ ಮಗ್ಗ, ಬಲಗಡಿ ಮನ್ಯಾಗ ಮಗ್ಗ. ಕಟ್ಟಿ ಮ್ಯಾಲ ಕುಂತ್ರ ನಾಕು ಮಂದಿ ಕೊಂಡಿ ಹಿಡಕೊಂಡ ಕುಂತಿರ್ತಿದ್ರು. ನಂದು ತಪ್ಪಿತು ಅಂದ್ರ ಹೊತ್ತು ಮುಣಗೂದರಾಗ ಓಣಿಗೆಲ್ಲಾ ಗೊತ್ತು. ಅತ್ತಿ ಬೈತಿದ್ರು, ಆದ್ರ ಮರುದಿನಾ ಮತ್ತ ಕೈಯಾಗ ಕೊಡ್ತಿದ್ರು. ಈ ತಂಗಿ ಊರಾಗ ಆ ಆಟದ್ದು ಹಂಗ ಐತಂತ. ಓಣಿನ ಕಲಸ್ತೈತಿ. ಅದಕ್ಕ ಅಲ್ಲಿ ಲೆಕ್ಕಕ್ಕಿಲ್ಲದಾಕಿ ಇಲ್ಲಿ ನಮ್ಮಾಕಿನ್ನ ಸೋಲಿಸಿದ್ಳು."

"ಕೊಂಡಿ ಹೊಟ್ಟಿ ತುಂಬಸ್ತೈತಿ. ಆಟ ಏನ್ ತುಂಬಸ್ತೈತಿ?" ಎಂದರು. ಆ ಮಾತನ್ನು ನಾನು ಅಲ್ಲಗಳೆಯಲಿಲ್ಲ.

ಈ ಸಲ ವೀಣಾ ಅಪ್ಪನ ಮಾತನ್ನು ಇದ್ದ ಹಾಗೇ ದಾಟಿಸಿದಳು. ಮಿಂಜಿ ತಲೆದೂಗಿದಳು. ಅವಳ ಅಪ್ಪನೂ ತಮ್ಮನಿಗೆ ಇದೇ ಮಾತನ್ನು ಹೇಳುತ್ತಾರಂತೆ, ದಿನಾ ಊಟದ ಹೊತ್ತಿಗೆ. ತಮ್ಮ ಕೇಳುವುದಿಲ್ಲ, ಅಪ್ಪ ಬಿಡುವುದಿಲ್ಲ, ಅನ್ನ ಮಾತ್ರ ಒಂದೇ ಪಾತ್ರೆಯದು.

ಅದು ಕೇಳಿ ಯಜಮಾನರ ಮುಖ ಸ್ವಲ್ಪ ಸಡಿಲಾಯಿತು. ಅವರಿಗೆ ಒಂದು ಸ್ವಭಾವ. ಏನಾದರೂ ಅರ್ಥವಾಗದಿದ್ದರೆ ಸಿಟ್ಟು ಮರೆತು ಅದರ ಬೆನ್ನು ಹತ್ತುತ್ತಾರೆ. ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಅಲ್ಲಾ, ಕೊರಿಯಾ ಅಂದ್ರ ಅಷ್ಟ ಸಣ್ಣ ದೇಶ. ನಮ್ಮಲ್ಲಿ ಇಷ್ಟ ಮಂದಿ ಅದೀವಿ. ಅಮೇರಿಕಾದಾಗ ಅಷ್ಟ ರೊಕ್ಕ ಐತಿ. ಅವರನ್ನೂ ಇವರು ಸೋಲಸ್ತಾರೇನ? ಕೇಳು."

ಸೋಲಿಸುತ್ತೇವೆ ಎಂದಳು ಮಿಂಜಿ. ಮಂದಿ ಎಷ್ಟಿದ್ದರೇನು, ಒಬ್ಬರ ಪಕ್ಕ ಒಬ್ಬರು ಕೂತು ಆಡುವವರು ಎಷ್ಟು ಎನ್ನುವುದು ಮುಖ್ಯ ಎಂದಳು. ಆದರೆ ಎಲ್ಲ ಆಟದಲ್ಲೂ ಅಲ್ಲ. ಪಕ್ಕದ ಜಪಾನಿನಲ್ಲಿ ಮಕ್ಕಳು ಟಿ.ವಿ.ಗೆ ಹಚ್ಚುವ ಬೇರೆ ಯಂತ್ರದಲ್ಲಿ ಆಡುತ್ತಾರಂತೆ. ಒಬ್ಬರಿಗೊಬ್ಬರು ಗುದ್ದಾಡುವ ಆಟದಲ್ಲಿ ಅವರನ್ನು ಸೋಲಿಸುವುದು ಕಷ್ಟ, ಈ ಆಟದಲ್ಲಿ ಮಾತ್ರ ಅವರದು ನಡೆಯುವುದಿಲ್ಲ. ಅದು ಯಾಕೆ ಎಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಅದರಾಗ ಏನೈತಿ ತಿಳೀಲಾರದ್ದು?" ಯಜಮಾನರು ಮುಂದೆ ಬಾಗಿದರು. "ಗುಳೇದಗುಡ್ಡದಾಗ ಮಗ್ಗ ಇಲ್ಲೇನ? ಅವರು ಖಣ ನೇಯ್ತಾರ. ಕುಬಸದ ಖಣ ಅಂದ್ರ ಅವರ ಕೈನ. ನಾವು ಸೀರಿ ನೇಯ್ತೀವಿ. ನಮಗ ಅದು ಬರೂದಿಲ್ಲ, ಅವರಿಗೆ ಇದು ಬರೂದಿಲ್ಲ. ಯಾವ ಮಗ್ಗದ ಮುಂದ ಹುಟ್ಟಿರ್ತಾರೋ ಆ ಕೆಲಸ ಬರ್ತೈತಿ. ಹೇಳು ಆಕಿಗೆ."

ಅಷ್ಟು ಹೇಳಿದ ಮೇಲೆ ಅವರಿಗೇ ತಿಳಿಯಿತು, ಬೆಳಿಗ್ಗೆ ಬರೆಸಿದ್ದನ್ನು ಸಂಜೆ ತಾವೇ ಅಳಿಸಿದ್ದು. ತೊಡೆಯ ಮೇಲಿನ ಲಾಳಿಯ ನೂಲು ಸರಿಮಾಡಿದರು.

ಆಮೇಲೆ ಕೇಳಿದರು: "ಹಂಗಾದ್ರ ನಮ್ಮ ವೀಣಾಗ ಏನ್ ಕಡಿಮಿ ಐತಿ?"

ಮಿಂಜಿ ಯೋಚಿಸಿ ಹೇಳಿದಳು. ಕೈ ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ. ಈ ಊರಿನಲ್ಲಿ ಅವಳನ್ನು ಸೋಲಿಸುವವರಿಲ್ಲ, ಅದೇ ಕಡಿಮೆ. ವೀಣಾ ಅದನ್ನು ಕನ್ನಡದಲ್ಲಿ ಹೇಳುವಾಗ ನಾಚಿ ನೆಲ ನೋಡುತ್ತಿದ್ದಳು.

"ಅಂದ್ರ ಸೋಲಾಕ ಕಳಸು ಅಂದಂಗಾತು" ಎಂದರು ಅತ್ತೆ. "ನಾನೂ ಏಳು ಸಲ ಬಿಚ್ಚಿಸಿದ್ದು ಮತ್ಯಾಕ?"

ಯಜಮಾನರು ಲಾಳಿ ಹಿಡಿದರು. ಆ ಕಡೆ, ಈ ಕಡೆ, ಆ ಕಡೆ, ಈ ಕಡೆ. ನಾಲ್ಕು ಸಲ ಓಡಿತು. ವೀಣಾಳ ಕೈಯಲ್ಲಿ ಕೊಂಡಿಯ ಎಳೆ ಹಾಗೇ ಇತ್ತು, ತೂರಿಸಿರಲಿಲ್ಲ. ಆಮೇಲೆ ಅವರು ಮಗ್ಗದಿಂದ ತಲೆ ಎತ್ತದೆಯೇ ನನ್ನನ್ನು ಕೇಳಿದರು: "ಐತವಾರ ಬಾಗಲಕೋಟಿಗೆ ಮೊದಲನೇ ಬಸ್ ಎಷ್ಟಕ್ಕೈತಿ?"

"ಆರಕ್ಕ" ಎಂದೆ.

"ನೀನೂ ಜೋಡಿ ಹೋಗು. ಇನ್ನ ಮ್ಯಾಲ ಆಡೂದಾದ್ರ ಹೇಳಿ ಆಡ್ಲಿ. ಸುಳ್ಳು ಹೇಳಿದ್ದಕ್ಕ ಈ ಕೊಂಡಿ ಪೂರಾ ಆಕಿನ ಮುಗಸ್ಬೇಕು. ನೀ ಕೈ ಹಚ್ಚಬ್ಯಾಡ."

ಭಾನುವಾರ ನವನಗರಕ್ಕೆ ಹೋದೆವು. ಗುರುತು ಸಿಗದಷ್ಟು ನೇರ ರಸ್ತೆಗಳಲ್ಲಿ ಎರಡು ಸಲ ದಾರಿ ತಪ್ಪಿ ಆ ಹಾಲ್ ಹುಡುಕಿದೆವು. ವೀಣಾ ಮೊದಲು ಹುನಗುಂದದ ಹುಡುಗನನ್ನು ಸೋಲಿಸಿದಳು. ತವರಿನ ಕಡೆಯವನು ಸೋತದ್ದಕ್ಕೆ ನನಗೆ ಸ್ವಲ್ಪ ಬೇಸರವಾಯಿತು, ಹೇಳಲಿಲ್ಲ. ಎರಡನೆಯದರಲ್ಲಿ ಬಾದಾಮಿಯವನ ಕೈಯಲ್ಲಿ ಸೋತಳು. ಊರೂರು ನೋಡಿದರೆ ಬಾದಾಮಿ ಇಳಕಲ್ಲಿಗಿಂತ ದೊಡ್ಡದೇನಲ್ಲ. ಅವನಿಗೆ ಹೇಗೆ ಬಂತು ಎಂದು ನಾನೇ ಹೋಗಿ ಕೇಳಿದೆ. ಅವನು ಆಡುವ ಅಂಗಡಿ ಲಾಡ್ಜುಗಳ ನಡುವೆ ಇದೆ; ಗುಹೆ ನೋಡಲು ಬಂದ ಪರದೇಶದವರು ಸಂಜೆ ಅಲ್ಲಿಗೆ ಬರುತ್ತಾರೆ, ಅವನು ಎಲ್ಲರ ಜೊತೆಗೂ ಆಡಿ ಸೋಲುತ್ತಾನೆ. "ಎರಡು ವರ್ಷದಿಂದ ಸೋತೇ ಸೋತೇನ್ರಿ, ಅಕ್ಕಾರ" ಎಂದು ಹೆಮ್ಮೆಯಿಂದ ಹೇಳಿದ.

ಬಸ್ಸಿನಲ್ಲಿ ವೀಣಾ ಅಳುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಕಿಟಕಿಯ ಹೊರಗೆ ನೋಡುತ್ತ, ಬಾದಾಮಿಗೆ ಕೊಟ್ಟ ನನ್ನ ತಂಗಿಯನ್ನು ನೆನೆಸಿಕೊಂಡು ಕೇಳಿದಳು: "ಅವ್ವಾ, ಸೂಟಿ ಬಿಟ್ಟ ಮ್ಯಾಲ ಬಾದಾಮಿ ಚಿಗವ್ವನ ಮನಿಗೆ ಹೋಗ್ಲೇನ?"

ಇದಾಗಿ ಐದು ವರ್ಷವಾಯಿತು. ವೀಣಾ ಈಗ ಹುನಗುಂದದ ಸಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಶನಿವಾರ ಮಧ್ಯಾಹ್ನ ಮಕ್ಕಳನ್ನು ಎದುರುಬದುರು ಕೂರಿಸಿ ಆಟ ಆಡಿಸುತ್ತಾಳಂತೆ. ಸೋತವ ಎದ್ದು ಹೋಗುವ ಹಾಗಿಲ್ಲ, ಗೆದ್ದವನ ಹಿಂದೆ ನಿಂತು ನೋಡಬೇಕಂತೆ. ಪೇಪರಿನಲ್ಲಿ ಯಾವುದೋ ದೇಶ ಯಾವುದರಲ್ಲೋ ಗೆದ್ದಿತೆಂದು ಓದಿದಾಗಲೆಲ್ಲ ನನಗೆ ಆ ಗೆದ್ದವನಿಗಿಂತ ಅವನ ಓಣಿ ಕಣ್ಣಿಗೆ ಬರುತ್ತದೆ. ಅಲ್ಲಿ ಕಟ್ಟೆಯ ಮೇಲೆ ಯಾರು ಯಾರು ಕೂತಿರುತ್ತಾರೆ, ಯಾರು ತಪ್ಪು ಹೇಳುತ್ತಾರೆ, ಬೈದ ಮೇಲೂ ಯಾರು ಮರುದಿನ ಮತ್ತೆ ಕೈಗೆ ಕೊಡುತ್ತಾರೆ ಎಂದು ಯೋಚಿಸುತ್ತೇನೆ.

ಆ ಗುರುವಾರದ ಪುಟದ ಕೊನೆಗೆ ಬರೆದದ್ದು ಇದು: ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಅನ್ನ, ಮಜ್ಜಿಗೆ. ಕರಿಂಡಿ ಇನ್ನೂ ಒಂದು ದಿನ ಬಿಡಬೇಕಿತ್ತು, ಅತ್ತೆ ತೆಗೆಸಿದರು. ಮಿಂಜಿ ಮೂರು ಸಲ ಹಾಕಿಸಿಕೊಂಡಳು. ಅವರ ಮನೆಯಲ್ಲೂ ತಾಯಿ ಕಾಯಿಪಲ್ಯಕ್ಕೆ ಖಾರ ಹಚ್ಚಿ ಹೀಗೇ ಹುಳಿ ಬರಿಸಿಡುತ್ತಾಳಂತೆ, ಹೇಳುತ್ತ ಕಣ್ಣು ತುಂಬಿಕೊಂಡಳು, ಖಾರಕ್ಕೋ ನೆನಪಿಗೋ ಕೇಳಲಿಲ್ಲ. ಯಜಮಾನರು ಒಂದು ರೊಟ್ಟಿ ಹೆಚ್ಚು ಉಂಡರು. ವೀಣಾ ಕೊಂಡಿ ಪೂರ್ತಿ ಮುಗಿಸಿ ಊಟಕ್ಕೆ ಬಂದಳು, ನಾನು ಕೈ ಹಚ್ಚಲಿಲ್ಲ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಮಿಂಜಿ, ಕಲಿಯಲು ಇಸಿದುಕೊಂಡ ಕೆಂಪು ಎಳೆಯನ್ನು ಬೆರಳಿಗೆ ಸುತ್ತಿಕೊಂಡೇ.